ಬದುವಿನ ಹಲಸಿಗೆ ಹೆಸರಿಲ್ಲ

ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿರುವ ಒಂದು ಹಲಸಿನ ಮರದ ಕತೆಯನ್ನು ನೀವೂ ಓದಿರುತ್ತೀರಿ. ಎಸ್.ಎಸ್. ಪರಮೇಶ ಎಂಬ ರೈತರ ಜಮೀನಿನಲ್ಲಿರುವ ಮರ. ನೆಟ್ಟವರು ಅವರ ತಂದೆ ಎಸ್.ಕೆ. ಸಿದ್ದಪ್ಪ. ಹಲಸಿನ ಲೆಕ್ಕದಲ್ಲಿ ಹಣ್ಣು ಬಲು ಸಣ್ಣದು, ಸುಮಾರು 2.5 ಕೆಜಿ. ಹೆಚ್ಚಿದರೆ ಒಳಗೆ ತಾಮ್ರಗೆಂಪು ತೊಳೆ. ಟೊಮೆಟೊ, ಕಲ್ಲಂಗಡಿಗಳಿಗೆ ಕೆಂಪು ಕೊಡುವ ಲೈಕೋಪಿನ್ ಈ ತೊಳೆಯಲ್ಲೂ ಚೆನ್ನಾಗಿಯೇ ಇದೆ ಎಂದು ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಪರೀಕ್ಷೆ ಮಾಡಿ ಹೇಳಿದರು. 2017ರಲ್ಲಿ ಸಂಸ್ಥೆ ಮತ್ತು ರೈತರ ನಡುವೆ ಒಪ್ಪಂದವಾಯಿತು. ತಂದೆಯ ನೆನಪಿಗೆ ತಳಿಗೆ ‘ಸಿದ್ದು’ ಎಂಬ ಹೆಸರು ಬಂತು. ಕಸಿಗಿಡ ಮಾರಿದ ಹಣದಲ್ಲಿ ನೂರಕ್ಕೆ 75 ಪಾಲು ರೈತರಿಗೆ, ಉಳಿದದ್ದು ಸಂಸ್ಥೆಗೆ. ಈಗ ಸಿದ್ದು ಗಿಡ ಬೇಕೆಂದು ಹಿರೇಹಳ್ಳಿಯ ತೋಟಗಾರಿಕೆ ಪ್ರಯೋಗ ಕೇಂದ್ರಕ್ಕೂ ಚೇಳೂರಿಗೂ ಎಲ್ಲೆಲ್ಲಿಂದಲೋ ಜನ ಬರುತ್ತಾರೆ.

ನಮ್ಮೂರೂ ಅದೇ ತಾಲ್ಲೂಕು. ಪಕ್ಕದೂರಿನ ಮರವೊಂದು ಹೆಸರು ಮಾಡಿದ್ದಕ್ಕೆ ನನಗೆ ನಿಜವಾಗಿಯೂ ಹೆಮ್ಮೆ. ಮರದ ಒಡೆಯನಿಗೆ ದೊಡ್ಡ ಪಾಲು ಕೊಟ್ಟ ಆ ಒಪ್ಪಂದದ ಬಗ್ಗೆಯಂತೂ ಇನ್ನೂ ಹೆಚ್ಚು. ರೈತನ ಜಮೀನಿನಿಂದ ಕಡ್ಡಿ ಕೊಯ್ದುಕೊಂಡು ಹೋಗಿ, ತಳಿಗೆ ಬೇರೆ ಹೆಸರಿಟ್ಟು, ಅವನನ್ನೇ ಮರೆತುಬಿಡುವುದು ಬಲು ಸುಲಭವಿತ್ತು. ಇಲ್ಲಿ ಹಾಗಾಗಲಿಲ್ಲ.

ಆದರೆ ಸಿದ್ದುವಿನ ಸುದ್ದಿ ಓದಿದಾಗಲೆಲ್ಲ ನನ್ನ ಮನಸ್ಸು ಆ ಮರ ಸುಮ್ಮನೆ ನಿಂತಿದ್ದ ವರ್ಷಗಳ ಕಡೆಗೆ ಹೋಗುತ್ತದೆ. ಮೂವತ್ತಕ್ಕೂ ಹೆಚ್ಚು ವರ್ಷ ಅದು ಬರಿಯ ಒಂದು ಮನೆಯ ಹಲಸಾಗಿತ್ತು. ಮನೆಯವರು ತಿಂದರು, ನೆಂಟರಿಗೆ ಕೊಟ್ಟರು, ರುಚಿಯಾಗಿದೆ ಎಂದು ಎಲ್ಲರೂ ಹೊಗಳಿದರು. ಆ ವರ್ಷಗಳಲ್ಲಿ ಒಂದು ಸಲ ಮನೆಗೆ ಬಾಗಿಲು ಮಾಡಿಸುವ ಕೆಲಸ ಬಂದಿದ್ದರೆ? ಯಾರದೋ ಮದುವೆಗೆ ಹಣ ಬೇಕಾಗಿದ್ದರೆ? ಮರ ಸಾಮಿಲ್ಲಿಗೆ ಹೋಗುತ್ತಿತ್ತು, ಆ ಕೆಂಪು ತೊಳೆಯ ರುಚಿ ನಾಲ್ಕಾರು ಜನರ ನಾಲಗೆಯಲ್ಲಿ ಸ್ವಲ್ಪ ದಿನ ಇದ್ದು ಅಳಿಸಿಹೋಗುತ್ತಿತ್ತು. ಜಗತ್ತಿನಲ್ಲಿ ಅಂಥ ಇನ್ನೊಂದು ಮರ ಇರಲಿಲ್ಲ.

ಇದು ಉತ್ಪ್ರೇಕ್ಷೆಯ ಮಾತಲ್ಲ. ಹಲಸಿನ ಹುಟ್ಟೇ ಹಾಗೆ. ಒಂದೇ ಮರದಲ್ಲಿ ಗಂಡು ಹೂಗೊಂಚಲು ಬೇರೆ, ಹೆಣ್ಣು ಹೂಗೊಂಚಲು ಬೇರೆ. ಗಂಡು ಹೂಗಳು ರೆಂಬೆಗಳ ತುದಿಯಲ್ಲಿ ಬಂದು, ಪರಾಗ ಉದುರಿಸಿ, ಕಪ್ಪಾಗಿ ನೆಲಕ್ಕೆ ಬೀಳುತ್ತವೆ. ಹೆಣ್ಣು ಹೂಗೊಂಚಲು ಕಾಂಡಕ್ಕೇ ಅಂಟಿಕೊಂಡು ಹುಟ್ಟುತ್ತದೆ. ಅದೇ ಬೆಳೆದು ಹಣ್ಣಾಗುವುದು. ಎಳೆ ರೆಂಬೆ ಹೊರಲಾರದ ಭಾರವನ್ನು ಗಟ್ಟಿ ಕಾಂಡ ಹೊರುತ್ತದೆ. ಹಣ್ಣಿನ ಮೇಲಿರುವ ಒಂದೊಂದು ಮುಳ್ಳೂ ಒಂದೊಂದು ಹೆಣ್ಣು ಹೂವಿನ ತುದಿ. ಬೀಜ ಕಟ್ಟಿದ ಹೂವು ತೊಳೆಯಾಗುತ್ತದೆ, ಕಟ್ಟದ್ದು ತೊಳೆಗಳ ನಡುವಿನ ನಾರಾಗಿ ಉಳಿಯುತ್ತದೆ. ಹಾಗಾಗಿ ಒಂದು ಹಲಸಿನ ಹಣ್ಣೆಂದರೆ ನೂರಾರು ಹೂಗಳು ಸೇರಿ ಆದ ಹಣ್ಣುಗಳ ಒಟ್ಟುಗೂಡಿಕೆ. ಒಂದೊಂದು ತೊಳೆಯ ಬೀಜಕ್ಕೂ ಪರಾಗ ಬೇರೆ ಬೇರೆ ಮರದಿಂದ ಬಂದಿರಬಹುದು. ಒಂದೇ ಹಣ್ಣಿನ ಹತ್ತು ಬೀಜ ನೆಟ್ಟರೆ ಹತ್ತು ಬಗೆಯ ಮರ. ಒಂದರ ತೊಳೆ ಗಟ್ಟಿ, ಇನ್ನೊಂದರದು ಬಾಯಲ್ಲಿಟ್ಟರೆ ಜಾರುವಷ್ಟು ಮೆತ್ತಗೆ. ಒಂದು ಹಳದಿ, ಒಂದು ಬಿಳಿಚು, ಅಪರೂಪಕ್ಕೆ ಒಂದು ಕೆಂಪು. ತಾಯಿಯ ಗುಣ ಬರುತ್ತದೆಂಬ ಭರವಸೆಯೇ ಇಲ್ಲ.

ನಮ್ಮ ಹಿರಿಯರಿಗೆ ಕಸಿ ಗೊತ್ತಿರಲಿಲ್ಲ. ಚೆನ್ನಾಗಿರುವ ಹಣ್ಣು ತಿಂದರೆ ಅದರ ಬೀಜವನ್ನು ಬದುವಿನಲ್ಲಿ ಹೂಳುತ್ತಿದ್ದರು. ಎಮ್ಮೆ, ಮೇಕೆ ಬಾಯಿ ಹಾಕದಂತೆ ಸುತ್ತ ಮುಳ್ಳು ಹೊದಿಸುತ್ತಿದ್ದರು. ಅಷ್ಟೇ ಆರೈಕೆ. ಹಲಸಿನ ತಾಯಿಬೇರು ನೇರ ಆಳಕ್ಕಿಳಿಯುತ್ತದೆ. ಮೊದಲೆರಡು ಬೇಸಿಗೆ ದಾಟಿಸಿದರೆ ಆಮೇಲೆ ಯಾರೂ ನೀರು ಹಾಕುವ ಅಗತ್ಯವಿಲ್ಲ. ಏಳೆಂಟು ವರ್ಷ ಕಾಯಬೇಕು, ಕೆಲವಕ್ಕೆ ಇನ್ನೂ ಹೆಚ್ಚು. ಬಂದ ಹಣ್ಣು ಹೇಗಿರುತ್ತದೋ ಹಾಗೆ. ಘಟ್ಟದ ಮಳೆಕಾಡು ಈ ಮರದ ತವರು. ನಮ್ಮ ಬಯಲುಸೀಮೆಯ ಕೆಂಪು ಮಣ್ಣಿಗೆ, ಇಲ್ಲಿನ ಅಷ್ಟಿಷ್ಟು ಮಳೆಗೆ ಅದು ಒಗ್ಗಿಕೊಂಡದ್ದು ಇಂಥ ತಲೆಮಾರುಗಳ ಬೀಜದ ಗಿಡಗಳಿಂದ. ಮಳೆ ಕಡಿಮೆಯಿರುವ ಕಡೆಯ ಹಣ್ಣು ನೀರಾಗಿರುವುದಿಲ್ಲ, ಸಿಹಿ ಹಿಡಿದಿರುತ್ತದೆ ಎಂದು ನಮ್ಮ ಕಡೆಯ ಹಳಬರು ಈಗಲೂ ಹೇಳುತ್ತಾರೆ. ಜೂನ್ ತಿಂಗಳ ಮಳೆ ಜೋರಾಗಿ ಹಿಡಿದ ಮೇಲೆ ಇಳಿಸಿದ ಹಣ್ಣನ್ನೂ ಅದಕ್ಕೂ ಮುಂಚೆ ಮೇನಲ್ಲಿ ಇಳಿಸಿದ್ದನ್ನೂ ಒಟ್ಟಿಗಿಟ್ಟು ತಿಂದು ನೋಡಿದರೆ ಅವರ ಮಾತನ್ನು ನಂಬಬೇಕೆನಿಸುತ್ತದೆ.

ನಮ್ಮ ಹೊಲದ ಬದುವಿನಲ್ಲಿ ಹೀಗೆ ಹುಟ್ಟಿದ ಮರಗಳಿವೆ. ಮನೆಯಲ್ಲಿ ಒಂದೊಂದಕ್ಕೂ ಒಂದೊಂದು ಗುರುತು. ಬತ್ತಿದ ಬಾವಿಯ ಪಕ್ಕದ್ದು ಬಾವಿ ಮರ. ಅದರದು ಬಕ್ಕೆ ಜಾತಿ. ತೊಳೆ ಕಚ್ಚಿದರೆ ಕರಕ್ ಎನ್ನಬೇಕು, ಸಿಹಿ ಗಂಟಲಿಗೆ ಹತ್ತುವಷ್ಟು. ದಾರಿ ಕಡೆಯದ್ದು ಮೆತ್ತಗಿನ ತೊಳೆ, ಮಕ್ಕಳು ನುಂಗಿಬಿಡುತ್ತಾರೆಂದು ಅಜ್ಜಿ ಅದನ್ನು ಬಿಡಿಸಿ ಬೀಜ ತೆಗೆದೇ ಕೊಡುತ್ತಿದ್ದಳು. ಮೂಲೆಯಲ್ಲಿರುವುದು ಬೀಜದ ಮರ. ಅದರ ತೊಳೆ ತೆಳ್ಳಗೆ, ಸಪ್ಪೆ, ತಿನ್ನಲು ಯಾರೂ ಇಷ್ಟಪಡುವುದಿಲ್ಲ. ಬೀಜ ಮಾತ್ರ ಹೆಬ್ಬೆರಳಿಗಿಂತ ದಪ್ಪ, ಬೇಗ ಬೇಯುತ್ತದೆ, ಬೆಂದರೆ ಹಿಟ್ಟು ಹಿಟ್ಟಾಗುತ್ತದೆ. ಬದನೆಕಾಯಿಯ ಜೊತೆ ಆ ಬೀಜ ಹಾಕಿ ಅಜ್ಜಿ ಮಾಡುತ್ತಿದ್ದ ಸಾರಿಗೆ ಮುದ್ದೆ ಸಾಲುತ್ತಿರಲಿಲ್ಲ. ಹಣ್ಣಿನ ಕಾಲದಲ್ಲಿ ಬೀಜಗಳನ್ನು ತೊಳೆದು, ಆರಿಸಿ, ಮಣ್ಣು ಬಳಿದು ಕುಡಿಕೆಯಲ್ಲಿ ಇಡುತ್ತಿದ್ದರು. ಮಳೆಗಾಲದ ಸಂಜೆ ಒಲೆಯ ಕೆಂಡದಲ್ಲಿ ಸುಟ್ಟು, ಸಿಪ್ಪೆ ಸುಲಿದು, ಉಪ್ಪು ಹಚ್ಚಿ ಕೈಗೆ ಕೊಡುತ್ತಿದ್ದರು. ‘ಹಸಿದು ಹಲಸು, ಉಂಡು ಮಾವು’ ಎಂಬ ಮಾತು ನಮ್ಮ ಮನೆಯಲ್ಲಿ ಊಟದ ಕ್ರಮವೇ ಆಗಿತ್ತು. ಹಲಸು ಬಂದ ದಿನ ಮಧ್ಯಾಹ್ನದ ಅಡುಗೆ ತಡವಾಗಿಯೇ ಆಗುತ್ತಿತ್ತು.

ಬೆಳಿಗ್ಗೆ ಇಳಿಸಿದ ಹಣ್ಣನ್ನು ಗೋಣಿಚೀಲದ ಮೇಲಿಟ್ಟು, ಕೈಗೂ ಮಚ್ಚಿಗೂ ಹರಳೆಣ್ಣೆ ಸವರಿಕೊಂಡು ಚಿಕ್ಕಪ್ಪ ಕೂರುತ್ತಿದ್ದರು. ಮೇಣ ಒಸರುತ್ತಿದ್ದ ಕಡೆ ಹುಲ್ಲಿನ ಸಿಂಬಿಯಿಂದ ಒರೆಸುವುದು ನಮ್ಮ ಕೆಲಸ. ಬಲಿತಿದೆಯೋ ಇಲ್ಲವೋ ಎಂದು ಮರದಲ್ಲೇ ತಟ್ಟಿ ನೋಡುವುದು ಅವರ ವಿದ್ಯೆ. ಎಳೆಯದಾದರೆ ಗಟ್ಟಿ ಸದ್ದು, ಬಲಿತದ್ದಾದರೆ ಒಳಗೆ ಟೊಳ್ಳಿರುವ ಸದ್ದು. ಮುಳ್ಳುಗಳು ಅಗಲವಾಗಿ, ಚಪ್ಪಟೆಯಾಗಿ ಕಾಣಬೇಕು. ತೊಟ್ಟಿನ ಹತ್ತಿರದ ಎಲೆ ಹಳದಿಯಾಗಿರಬೇಕು. ಹಣ್ಣಿನ ಒಳಗಿನ ದಿಂಡು, ಸಿಪ್ಪೆ ಎಲ್ಲ ಹಸುಗಳಿಗೆ. ಅವು ಆ ವಾಸನೆಗೆ ಹಗ್ಗ ಜಗ್ಗಿಕೊಂಡು ನಿಲ್ಲುತ್ತಿದ್ದವು.

ಈಗ ಆ ಮರಗಳು ಅಪಾಯದಲ್ಲಿವೆ. ನಮ್ಮವು ಮಾತ್ರವಲ್ಲ, ಇಡೀ ತಾಲ್ಲೂಕಿನವು.

ತೆಂಗಿನ ಸೀಮೆಯಾಗಿದ್ದ ಗುಬ್ಬಿ, ತಿಪಟೂರು, ಚಿಕ್ಕನಾಯಕನಹಳ್ಳಿಗಳಲ್ಲಿ ಅಡಿಕೆ ಹಬ್ಬುತ್ತಿದೆ. ಬೋರು ಕೊರೆಸಿದವರೆಲ್ಲ ಅಡಿಕೆ ಇಡುತ್ತಿದ್ದಾರೆ. ಅದಕ್ಕೆ ನೆಲ ಸಮ ಮಾಡಬೇಕು. ಜೆಸಿಬಿ ಬಂದರೆ ಮೊದಲು ಹೋಗುವುದು ಬದು. ಬದುವಿನ ಜೊತೆ ಹುಣಸೆ, ಹೊಂಗೆ, ಬೇವು, ಹಲಸು. ಮರದ ವ್ಯಾಪಾರಿ ಮೊದಲೇ ಬಂದು ನೋಡಿಕೊಂಡು ಹೋಗಿರುತ್ತಾನೆ. ಹಲಸಿನ ಮರಕ್ಕೆ ಯಾವತ್ತೂ ಬೇಡಿಕೆ. ಹಳದಿ ತಿರುಳು, ಗೆದ್ದಲು ಸುಲಭಕ್ಕೆ ಹತ್ತುವುದಿಲ್ಲ, ಹೊಳಪು ಕೊಟ್ಟರೆ ವರ್ಷಗಳು ಕಳೆದಂತೆ ಕೆಂಪಗೆ ತಿರುಗುತ್ತದೆ. ಬಾಗಿಲು, ಕಿಟಕಿ ಇರಲಿ, ಮೃದಂಗದ ಕೊಳಗವನ್ನೂ ತಂಜಾವೂರು ವೀಣೆಯನ್ನೂ ಇದರಿಂದಲೇ ಮಾಡುತ್ತಾರೆ. ಆಗ್ನೇಯ ಏಷ್ಯಾದ ಬೌದ್ಧ ಭಿಕ್ಷುಗಳ ಚೀವರಕ್ಕೆ ಬಣ್ಣ ಹಾಕಲು ಇದರ ತಿರುಳಿನ ಚಕ್ಕೆ ಬೇಯಿಸುತ್ತಿದ್ದರು. ಇಷ್ಟೆಲ್ಲ ಗುಣವೇ ಬದುವಿನ ಮರಕ್ಕೆ ಮುಳುವಾಗಿದೆ. ನಿಂತ ಮರಕ್ಕಿಂತ ಬಿದ್ದ ಮರಕ್ಕೆ ಬೆಲೆ ಹೆಚ್ಚು.

ಹಣ್ಣಿಗೆ ಬೆಲೆಯಿಲ್ಲವೇ ಎಂದರೆ ಇದೆ, ಆದರೆ ಅದು ಮರದ ಬುಡದವರೆಗೆ ಬರುವುದಿಲ್ಲ. ಚೇಳೂರಿನ ಮಾರುಕಟ್ಟೆಯಲ್ಲಿ ಹಲಸಿನ ಕಾಲದಲ್ಲಿ ರಾಶಿ ರಾಶಿ ಕಾಯಿ ಬಿದ್ದಿರುತ್ತದೆ, ಹೊರ ರಾಜ್ಯಗಳಿಗೆ ಲಾರಿಗಳು ಹೋಗುತ್ತವೆ. ಉತ್ತರದ ಕಡೆಯವರಿಗೆ ಪಲ್ಯಕ್ಕೆ ಎಳೆಗಾಯಿ ಬೇಕು. ಹೆಚ್ಚಿನ ಮರಗಳ ಕಾಯಿಯನ್ನು ಎಳೆಯದಾಗಿದ್ದಾಗಲೇ ಗುತ್ತಿಗೆ ಹಿಡಿದು ಇಳಿಸಿಬಿಡುತ್ತಾರೆ. ಹಣ್ಣಾಗುವವರೆಗೆ ಬಿಟ್ಟರೆ ಹತ್ತು ಹದಿನೈದು ಕೆಜಿಯ ಭಾರವನ್ನು ಮರ ಹತ್ತಿ ಹಗ್ಗ ಕಟ್ಟಿ ಇಳಿಸಲು ಆಳು ಬೇಕು. ಇಳಿಸಿದರೆ ಮೂರ್ನಾಲ್ಕು ದಿನದಲ್ಲಿ ಮಾರಿ ಮುಗಿಸಬೇಕು. ಊರಿನಲ್ಲಿ ಉಳಿದಿರುವ ವಯಸ್ಸಾದವರಿಂದ ಇದು ಆಗುವ ಕೆಲಸವಲ್ಲ.

ಇದರ ಜೊತೆಗೆ ಇನ್ನೊಂದು ಸಂಗತಿ. ಹೆಚ್ಚು ಜನ ಇದನ್ನು ಯೋಚಿಸಿರಲಾರರು, ನನಗಂತೂ ತಿಳಿದ ದಿನ ನಿದ್ದೆ ಬರಲಿಲ್ಲ. ರಾಗಿ, ಭತ್ತ, ಅವರೆಯ ಬೀಜಗಳನ್ನು ಚೆನ್ನಾಗಿ ಒಣಗಿಸಿ ತಣ್ಣಗಿನ ಕೋಣೆಯಲ್ಲಿಟ್ಟರೆ ವರ್ಷಗಟ್ಟಲೆ ಜೀವ ಉಳಿಯುತ್ತದೆ. ತಳಿಗಳನ್ನು ಕಾಪಾಡುವ ಬೀಜ ಬ್ಯಾಂಕುಗಳು ನಡೆಯುವುದೇ ಆ ಗುಣದ ಮೇಲೆ. ಹಲಸಿನ ಬೀಜಕ್ಕೆ ಆ ಗುಣವಿಲ್ಲ. ಒಣಗಿಸಿದರೆ ಸಾಯುತ್ತದೆ, ಚಳಿಯಲ್ಲಿಟ್ಟರೆ ಸಾಯುತ್ತದೆ, ಹಾಗೇ ಬಿಟ್ಟರೂ ಒಂದು ತಿಂಗಳಲ್ಲಿ ಮೊಳೆಯುವ ಶಕ್ತಿ ಬಹುಪಾಲು ಹೋಗುತ್ತದೆ. ಬೀಜ ಉಳಿದರೂ ಪ್ರಯೋಜನವಿಲ್ಲ, ಅದರಿಂದ ಅದೇ ಮರ ಹುಟ್ಟುವುದಿಲ್ಲವಲ್ಲ. ಅಂದರೆ ಹಲಸಿನ ವೈವಿಧ್ಯ ಇರುವುದು ನಿಂತ ಮರಗಳಲ್ಲಿ ಮಾತ್ರ. ನಮ್ಮ ತಾಲ್ಲೂಕಿನ ಹಲಸಿನ ಖಜಾನೆ ಯಾವ ಸಂಸ್ಥೆಯ ಕೋಣೆಯಲ್ಲೂ ಇಲ್ಲ. ಅದು ಬದುವಿನಲ್ಲಿದೆ, ಜೆಸಿಬಿ ಹೋಗುವ ದಾರಿಯಲ್ಲಿದೆ.

ಸಂಶೋಧಕರು ಕೈಕಟ್ಟಿ ಕೂತಿಲ್ಲ. ಹಿರೇಹಳ್ಳಿ ಕೇಂದ್ರದವರು ಹಳ್ಳಿ ಹಳ್ಳಿ ಸುತ್ತಿ ಹಣ್ಣು ತಿಂದು, ತೂಗಿ, ಸಿಹಿ ಅಳೆದು ಮರಗಳನ್ನು ಗುರುತಿಸಿದ್ದಾರೆ. ಸಿದ್ದುವಿನ ನಂತರ ಗುಬ್ಬಿ ತಾಲ್ಲೂಕಿನದೇ ಇನ್ನೊಂದು ಕೆಂಪು ತೊಳೆಯ ಮರ ‘ಶಂಕರ’ ಎಂಬ ಹೆಸರಲ್ಲಿ ಹೊರಬಂತು, ಅದಕ್ಕೂ ಅದರ ರೈತರ ಹೆಸರೇ. ಪಕ್ಕದ ದೊಡ್ಡಬಳ್ಳಾಪುರದ ತೂಬಗೆರೆಯಲ್ಲಿ ಹಲಸು ಬೆಳೆಗಾರರು ಸಂಘ ಕಟ್ಟಿಕೊಂಡು ಒಳ್ಳೆಯ ಮರಗಳನ್ನು ಉಳಿಸಿಕೊಂಡಿದ್ದಾರೆ. ಆದರೆ ಆಯ್ಕೆ ಎಂದರೆ ನೂರರಲ್ಲಿ ಒಂದು. ಉಳಿದ ತೊಂಬತ್ತೊಂಬತ್ತರ ಗತಿ?

ನನ್ನ ಕಳವಳ ಇಲ್ಲೇ. ಸಿದ್ದು ಗಿಡ ನೆಡುವುದಕ್ಕೆ ಜಾಗ ಬೇಕೆಂದು ಹಳೆಯ ಬೀಜದ ಮರ ಕಡಿಸಿದವರನ್ನು ನೋಡಿದ್ದೇನೆ. ಕಸಿಗಿಡ ಮೂರ್ನಾಲ್ಕು ವರ್ಷಕ್ಕೇ ಹಣ್ಣು ಕೊಡುತ್ತದೆ, ಮರ ಕುಳ್ಳಗಿರುತ್ತದೆ, ಹಣ್ಣು ಸಣ್ಣದಾದ್ದರಿಂದ ಪೇಟೆಯ ಸಣ್ಣ ಸಂಸಾರ ಒಂದನ್ನು ಪೂರ್ತಿ ಕೊಳ್ಳುತ್ತದೆ. ಲೆಕ್ಕ ಸರಿಯಾಗಿದೆ. ಆದರೆ ತಾಲ್ಲೂಕಿನ ಎಲ್ಲ ಹಲಸೂ ಒಂದೇ ಮರದ ರೆಂಬೆಗಳಾದರೆ, ಆ ಮರಕ್ಕೆ ಬರುವ ಒಂದು ರೋಗ ಎಲ್ಲಕ್ಕೂ ಬಂದಂತೆ. ಒಂದು ಬರಗಾಲ ತಡೆಯಲಾರದ ಬೇರೋ, ಒಂದು ಕಾಂಡಕೊರಕ ಹುಳವೋ ಸಾಕು. ಕೋಲಾರದ ಶ್ರೀನಿವಾಸಪುರದ ಕಡೆ ಹೋದರೆ ಕಣ್ಣು ಹಾಯುವವರೆಗೂ ಮಾವಿನ ತೋಪು. ಅಷ್ಟು ವಿಸ್ತಾರದಲ್ಲಿ ಹೆಚ್ಚಿನದು ಪೇಟೆ ಕೇಳುವ ನಾಲ್ಕಾರು ತಳಿ, ತೋತಾಪುರಿ, ಬಾದಾಮಿ ಇತ್ಯಾದಿ. ಹುಳಿಗೊಂದು, ರಸಕ್ಕೊಂದು, ಉಪ್ಪಿನಕಾಯಿಗೊಂದು ಎಂದು ಗುರುತಿಟ್ಟುಕೊಂಡಿದ್ದ ಹಳೆಯ ನಾಟಿ ಮಾವಿನ ಮರಗಳು ಹುಡುಕಿದರೆ ಸಿಗಬಹುದು, ಹುಡುಕಬೇಕು. ಹಲಸಿನ ವಿಷಯದಲ್ಲಿ ನಾವಿನ್ನೂ ಆ ಹಂತ ಮುಟ್ಟಿಲ್ಲ. ಈಗಲೇ ಎಚ್ಚೆತ್ತರೆ ಕಾಲವಿದೆ ಎಂದು ನಾನು ನಂಬಿದ್ದೇನೆ.

ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಸಿದ್ದುವನ್ನು ಉಳಿಸಿದ ವಿದ್ಯೆಯೇ ಯಾವ ಮರವನ್ನಾದರೂ ಉಳಿಸುತ್ತದೆ. ಬೀಜದಿಂದ ಎಬ್ಬಿಸಿದ, ಕೆಲವು ತಿಂಗಳು ಬೆಳೆದ ಸಸಿ ಪ್ಲಾಸ್ಟಿಕ್ ಚೀಲದಲ್ಲಿರಬೇಕು. ತಾಯಿಮರದಲ್ಲಿ ಪೆನ್ಸಿಲ್ ಗಾತ್ರದ ರೆಂಬೆ ಆರಿಸಿ, ಕೊಯ್ಯುವುದಕ್ಕೆ ಒಂದು ವಾರ ಮೊದಲೇ ಅದರ ಎಲೆಗಳನ್ನು ತೊಟ್ಟು ಉಳಿಸಿ ಕತ್ತರಿಸಬೇಕು. ಆಗ ತುದಿಯ ಮೊಗ್ಗು ಉಬ್ಬಿ ಚಿಗುರಲು ಸಿದ್ಧವಾಗುತ್ತದೆ. ಸಸಿಯ ತಲೆ ಕತ್ತರಿಸಿ ನಡುವೆ ಸೀಳಬೇಕು, ಕಡ್ಡಿಯ ಬುಡವನ್ನು ಎರಡೂ ಕಡೆ ಚೂಪಾಗಿ ಹೆರೆದು ಸೀಳಿನೊಳಗೆ ಕೂರಿಸಬೇಕು. ಹಲಸಿನಲ್ಲಿ ತೊಂದರೆ ಕೊಡುವುದು ಹಾಲು. ಕುಯ್ದ ತಕ್ಷಣ ಸುರಿಯುತ್ತದೆ, ಅದನ್ನು ಒರೆಸಿ ಬೇಗ ಬೇಗ ಪ್ಲಾಸ್ಟಿಕ್ ಪಟ್ಟಿ ಸುತ್ತಿ ಬಿಗಿಯಬೇಕು. ಮೇಲೊಂದು ಸಣ್ಣ ಪ್ಲಾಸ್ಟಿಕ್ ಟೋಪಿ. ಗಾಳಿಯಲ್ಲಿ ತೇವವಿರುವ ಕಾಲ ಒಳ್ಳೆಯದು. ಎಲ್ಲವೂ ಹಿಡಿಯುವುದಿಲ್ಲ, ಹಾಗಾಗಿ ಹೆಚ್ಚಾಗಿಯೇ ಕಟ್ಟುತ್ತಾರೆ. ಪಳಗಿದ ಕೈಯವರು ನಮ್ಮ ಜಿಲ್ಲೆಯಲ್ಲೇ ಬೇಕಾದಷ್ಟು ಜನ ಇದ್ದಾರೆ, ನರ್ಸರಿಗಳಲ್ಲಿ ಕೇಳಿದರೆ ಸಿಗುತ್ತಾರೆ.

ಕೇಳಿದ್ದು ಇಷ್ಟು, ಓದಿದ್ದು ಇಷ್ಟು ಕೂಡಿಸಿಕೊಂಡು ನಾನು ಈ ಬೇಸಿಗೆ ಚಿಕ್ಕಪ್ಪನ ಮುಂದೆ ಕೂತೆ. ಕೆಳಗಿನ ಹೊಲಕ್ಕೆ ಅಡಿಕೆ ಇಡುವುದೆಂದು ಅವರು ನಿಶ್ಚಯ ಮಾಡಿಯಾಗಿತ್ತು. ವ್ಯಾಪಾರಿ ಬಾವಿ ಮರಕ್ಕೆ ಬೆಲೆ ಹೇಳಿ ಹೋಗಿದ್ದ.

“ನೀನು ತುಮಕೂರಲ್ಲಿ ಕೂತ್ಕೊಂಡು ಮರ ಉಳಿಸು ಅಂತೀಯ ಕಣಮ್ಮ. ಹಣ್ಣು ಇಳಿಸೋಕೆ ಒಬ್ಬ ಆಳು ಸಿಗಲ್ಲ. ಬಿದ್ದು ಬಿದ್ದು ಕೊಳೀತವೆ. ರಾತ್ರಿ ಹಂದಿ ಬಂದು ತೋಟ ಎಲ್ಲಾ ತುಳಿದು ಹೋಗ್ತವೆ. ಉಳಿಸ್ಕೊಂಡು ಏನು ಮಾಡ್ಲಿ?”

ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಎಪ್ಪತ್ತರ ಹತ್ತಿರದ ವಯಸ್ಸು, ಮೊಣಕಾಲು ನೋವು, ಮಗ ಬೆಂಗಳೂರಿನಲ್ಲಿ. ಮರ ಉಳಿಸುವ ಹೊರೆಯನ್ನೆಲ್ಲ ಅಂಥವರ ತಲೆಯ ಮೇಲೆ ಹಾಕಿ, ಪೇಟೆಯಲ್ಲಿ ಕೂತವರು ಪರಿಸರದ ಮಾತಾಡುವುದು ನ್ಯಾಯವಲ್ಲ. ನಾನು ಕೇಳಿದ್ದು ಒಂದೇ. ಈ ಮಳೆಗಾಲ ದಾಟುವವರೆಗೆ ಮರ ನಿಲ್ಲಲಿ. ಹದ ಮಳೆ ಬಿದ್ದ ಮೇಲೆ ಕಸಿ ಕಟ್ಟುವವರನ್ನು ನಾನೇ ಕರೆತರುತ್ತೇನೆ, ಖರ್ಚು ನನ್ನದು. ಬಾವಿ ಮರದ ಕಡ್ಡಿಯಿಂದ ಗಿಡ ಮಾಡಿಸಿ, ಹಿಡಿದ ಗಿಡಗಳನ್ನು ಮೇಲಿನ ಹೊಲದ ಅಂಚಿನಲ್ಲಿ, ಅಡಿಕೆಗೆ ನೆರಳು ಬೀಳದ ಕಡೆ ನೆಡುತ್ತೇನೆ. ಕುಳ್ಳಗೆ ಸವರಿಕೊಂಡರೆ ನೆಲದಲ್ಲೇ ನಿಂತು ಹಣ್ಣು ಕೊಯ್ಯಬಹುದು, ಮರ ಹತ್ತುವ ಆಳೇ ಬೇಡ. ಅದಾದ ಮೇಲೆ ಹಳೆಯ ಮರದ ವಿಷಯ ಅವರ ಇಷ್ಟ.

ಚಿಕ್ಕಪ್ಪ ಎಲೆಅಡಿಕೆ ಅಗಿಯುತ್ತಾ ಬಹಳ ಹೊತ್ತು ಲೆಕ್ಕ ಹಾಕಿದರು. ಒಂದು ಗಿಡಕ್ಕೂ ಇನ್ನೊಂದಕ್ಕೂ 30 ಅಡಿ ಬಿಡಬೇಕು ಎಂದರು. ಸಿದ್ದು ಗಿಡವೂ ಎರಡು ತಾ, ಮಕ್ಕಳು ಕೆಂಪು ತೊಳೆ ನೋಡಿಲ್ಲ ಎಂದರು. ನಾನು ಒಪ್ಪಿಕೊಂಡು ಏಳುವ ಹೊತ್ತಿಗೆ ಮತ್ತೆ ಕರೆದರು.

“ಮೂಲೇಲಿರೋ ಬೀಜದ ಮರದ್ದೂ ಒಂದೆರಡು ಕಟ್ಟಿಸಿಬಿಡು.”

“ಅದರ ತೊಳೆ ಯಾರೂ ತಿನ್ನಲ್ಲವಲ್ಲ ಚಿಕ್ಕಪ್ಪ?”

“ತೊಳೆ ಯಾರಿಗೆ ಬೇಕು? ಅವ್ವನ ಸಾರಿಗೆ ಇನ್ಯಾವ ಮರದ ಬೀಜ ಆಗ್ತದೆ ಹೇಳು.”